ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ

ಹಳೇ ಮಾರುತಿ 800, ಓಮ್ನಿ ಗಾಡಿಗಳು ನಮ್ಮ ಕಡೆ ಇನ್ನೂ ಎಷ್ಟೋ ರೈತರ ಮನೆ ಮುಂದೆ ನಿಂತಿವೆ. 800 ಕಾರು 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂತು, ಓಮ್ನಿ 1984ರಲ್ಲಿ. 800ರ ತಯಾರಿ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಹೊಸ ಗಾಡಿಗೆ ದುಡ್ಡು ಹೊಂದಿಸಲಾಗದವರು ಇಂಥ ಹಳೇ ಗಾಡಿ ತಗೊಂಡು, ಹಿಂದಿನ ಸೀಟು ತೆಗೆದು, ತಮ್ಮ ತೋಟದ ಕಾಯಿಪಲ್ಲೆ, ಗೊಬ್ಬರದ ಚೀಲ ಸಾಗಿಸುತ್ತಾರೆ. ಎರಡರಲ್ಲೂ ಇರುವುದು 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್. ಸಣ್ಣದು, ಕೈಗೆ ಸಿಗುತ್ತದೆ. ಹಾಗಾಗಿ ಹೆಡ್ ಗ್ಯಾಸ್ಕೆಟ್ ಹೋದರೆ ಮನೆಯಲ್ಲೇ ಬಿಚ್ಚಿ ಹಾಕುವವರು ಇದ್ದಾರೆ. ಕಟ್ಟಿ ಮುಗಿದ ಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ತಗೊಳ್ಳೋದಿಲ್ಲ. ಆಗ ಏನು ಮಾಡಬೇಕು ಅನ್ನೋದೇ ಈ ಲೇಖನ.

ನಾನು ಮೆಕ್ಯಾನಿಕ್ ಅಲ್ಲ. ಏಳನೇ ಕ್ಲಾಸು ಓದಿದವನು. ನಾಲೆ ನೀರು ಹತ್ತದ ಬೆದ್ದಲು ಜಮೀನಿನಲ್ಲಿ ಮೆಕ್ಕೆಜೋಳ, ರಾಗಿ, ಅವರೆ ಬೆಳೆಯುತ್ತೇನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದದ್ದು. ಅಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರ ಜೊತೆ ಕೂತು ಎಂಜಿನ್ ಕೆಲಸ ಕಲಿತೆ. ಅವರು ಕಲಿಸಿದ್ದರಲ್ಲಿ ಮೊದಲನೆಯದು ಇದು: ಬಿಚ್ಚುವ ಮೊದಲು ಓಡುತ್ತಿದ್ದ ಗಾಡಿ ಕಟ್ಟಿದ ಮೇಲೆ ಓಡದಿದ್ದರೆ, ಕೊರತೆ ನಮ್ಮ ಕೈ ಮುಟ್ಟಿದ ಜಾಗದಲ್ಲೇ ಇರುತ್ತದೆ. ಮುಟ್ಟದ ಜಾಗ ಹುಡುಕುತ್ತಾ ಹೋಗಬಾರದು. ಮತ್ತೆ ಹೆಡ್ ಬಿಚ್ಚುವುದು ಕಟ್ಟಕಡೆಯ ಕೆಲಸ. ಬಿಚ್ಚಿದರೆ ಇನ್ನೊಂದು ಗ್ಯಾಸ್ಕೆಟ್ಟಿನ ದುಡ್ಡು ಹೋಯಿತು ಅಂತಲೇ ಲೆಕ್ಕ.

ಪೆಟ್ರೋಲ್ ಎಂಜಿನ್ನಿಗೆ ಬೇಕಾದದ್ದು ನಾಲ್ಕೇ: ಸರಿಯಾಗಿ ತಿರುಗಬೇಕು, ಕಿಡಿ ಬರಬೇಕು, ಗಾಳಿ ಬೆರೆತ ಪೆಟ್ರೋಲು ಬರಬೇಕು, ಒಳಗೆ ಒತ್ತಡ ನಿಲ್ಲಬೇಕು. ಇವೆಲ್ಲಾ ಹೊತ್ತಿಗೆ ಸರಿಯಾಗಿ ಆಗಬೇಕು. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಕೊನೆಗೆ ನೋಡುತ್ತಾ ಹೋಗೋಣ.

ಸೆಲ್ಫ್ ಸದ್ದು ಕೇಳಿ

ಎರಡು ಮೂರು ದಿನ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿದಿರುತ್ತದೆ. ಇಳಿದ ಬ್ಯಾಟರಿಯಲ್ಲಿ ಕಿಡಿಯೂ ಸಣ್ಣದಾಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಮೊದಲು ಚಾರ್ಜ್ ಮಾಡಿಸಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಸ್ವಲ್ಪ ಬಿಟ್ಟು ಹೊಡೆಯಿರಿ, ಇಲ್ಲವಾದರೆ ಮೋಟಾರ್ ಸುಡುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಬರೀ 'ಟಿಕ್' ಅಂದರೆ ಎಂಜಿನ್ನಿಗೂ ಬಾಡಿಗೂ ಇರುವ ಅರ್ತಿಂಗ್ ಪಟ್ಟಿ ನೋಡಿ. ಗೇರ್ ಬಾಕ್ಸ್ ಕಡೆ ಬಿಚ್ಚಿದ್ದನ್ನು ವಾಪಸ್ ಹಾಕಲು ಮರೆಯುವವರು ಬಹಳ. ಹಾಕಿದ್ದರೂ ಬೋಲ್ಟಿನ ಕೆಳಗೆ ತುಕ್ಕು, ಗ್ರೀಸ್ ಇದ್ದರೆ ಕರೆಂಟ್ ಹರಿಯುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿ.

ಎಂಜಿನ್ ಅಲುಗದೆ ಗಟ್ಟಿಯಾಗಿ ನಿಂತುಬಿಟ್ಟರೆ ಬಲವಂತ ಮಾಡಬೇಡಿ. ಹೆಡ್ ತೆಗೆದಾಗ ಸಿಲಿಂಡರಿಗೆ ನೀರು ಇಳಿದಿರಬಹುದು. ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮೂರೂ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ. ಗ್ಯಾಸ್ಕೆಟ್ ಹಾಕಿದ ಮೇಲೆ ಮೊದಲನೇ ಸಲ ಯಾವಾಗಲೂ ಹೀಗೆ ಪ್ಲಗ್ ಬಿಚ್ಚಿಯೇ ತಿರುಗಿಸುವುದು ಒಳ್ಳೇದು.

ಇನ್ನೊಂದು ಸದ್ದು ಇದೆ. ಸರಿ ಇರುವ ಎಂಜಿನ್ ಸೆಲ್ಫಿನಲ್ಲಿ ಏದುಸಿರು ಬಿಟ್ಟ ಹಾಗೆ ಏರಿ ಇಳಿದು ತಿರುಗುತ್ತದೆ. ಏರಿಳಿತವೇ ಇಲ್ಲದೆ 'ಬರ್ರ್' ಅಂತ ಹಗುರಾಗಿ ತಿರುಗಿದರೆ ಒಳಗೆ ಒತ್ತಡ ಇಲ್ಲ ಅಂತ ಅರ್ಥ. ಆಗ ಟೈಮಿಂಗ್ ಬೆಲ್ಟ್ ಮತ್ತು ಟ್ಯಾಪೆಟ್ ಕಡೆ ಹೋಗಬೇಕು.

ಕಿಡಿ ಮತ್ತು ಪ್ಲಗ್ಗಿನ ಮುಖ

ಪ್ಲಗ್ ಬಿಚ್ಚಿ ವಾಸನೆ ನೋಡಿ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲಿದೆ, ಕಿಡಿ ಇಲ್ಲ ಅಥವಾ ಹೊತ್ತು ತಪ್ಪಿದೆ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಬಿಚ್ಚಿದ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಕಬ್ಬಿಣದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ನೀಲಿ ಕಿಡಿ ಚಟಚಟ ಬರಬೇಕು. ಕೆಂಪಗೆ ಸೊರಗಿದ್ದರೆ ಸಾಲದು. ಪ್ಲಗ್ ಬಿಚ್ಚಿದ ತೂತಿನ ಹತ್ತಿರ ಕಿಡಿ ಹಾರಿಸಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಸುತ್ತ ಚೆಲ್ಲಿದ ಪೆಟ್ರೋಲ್ ಒರೆಸಿ, ಆರಿದ ಮೇಲೆ ಮಾಡಿ. ಬೀಡಿ ದೂರ ಇರಲಿ.

ಕಿಡಿಯೇ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರು, ಕಾಯಿಲಿನ ವೈರು, ಟೋಪಿಯ ಒಳಗಿನ ರೋಟರ್ ನೋಡಿ. ಟೋಪಿ ಒಳಗೆ ತೇವ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ.

ಪೆಟ್ರೋಲು ಬರುವ ದಾರಿ

ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲ್ ಪಂಪು ಹೆಡ್ಡಿನ ಪಕ್ಕಕ್ಕೆ ಕೂತಿರುತ್ತದೆ. ಕ್ಯಾಮ್ ಶಾಫ್ಟ್ ತಿರುಗಿದಾಗ ಒಂದು ಸಣ್ಣ ರಾಡು ಪಂಪನ್ನು ಒತ್ತುತ್ತದೆ. ಹೆಡ್ ಇಳಿಸುವಾಗ ಈ ರಾಡು ಕಳಚಿ ಬೀಳುತ್ತದೆ. ಅದನ್ನು ಬಿಟ್ಟು ಪಂಪು ಕೂರಿಸಿದರೂ ನೋಡಲಿಕ್ಕೆ ಎಲ್ಲಾ ಸರಿಯಾಗೇ ಕಾಣುತ್ತದೆ, ಪೆಟ್ರೋಲು ಮಾತ್ರ ಬರುವುದಿಲ್ಲ. ಪಂಪಿನ ಪೈಪುಗಳಲ್ಲಿ ಬರುವುದು, ಹೋಗುವುದು, ವಾಪಸ್ ಹೋಗುವುದು ಅದಲುಬದಲು ಆಗಿವೆಯಾ ನೋಡಿ. ಕಾರ್ಬೊರೇಟರಿಗೆ ಹೋಗುವ ಪೈಪು ಕಳಚಿ ಬಾಟಲಿಯೊಳಗೆ ಇಟ್ಟು ಸೆಲ್ಫ್ ಹೊಡೆದರೆ ಪೆಟ್ರೋಲು ಚಿಮ್ಮಿ ಚಿಮ್ಮಿ ಬೀಳಬೇಕು.

ಅದೇ ಬಾಟಲಿಯನ್ನು ಅರ್ಧ ಗಂಟೆ ಅಲುಗಿಸದೆ ಇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಎಥೆನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ. ಬಾಟಲಿಯಲ್ಲಿ ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿ. ಹಳೇ ರಬ್ಬರ್ ಪೈಪು ಊದಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ.

ಕಾರ್ಬೊರೇಟರಿನ ಸೊಲೆನಾಯ್ಡ್ ವೈರು ಬಿಟ್ಟಿದ್ದರೆ ಆಕ್ಸಿಲರೇಟರ್ ತುಳಿದಷ್ಟು ಹೊತ್ತು ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಇನ್‌ಟೇಕಿನ ಯಾವುದಾದರೂ ಸಣ್ಣ ಗಾಳಿ ಪೈಪು ಕಳಚಿ ನೇತಾಡುತ್ತಿದ್ದರೂ ಹೀಗೇ ಆಗಬಹುದು.

ಪ್ಲಗ್ ಪೂರಾ ಒದ್ದೆ ಇದ್ದರೆ ಒಣಗಿಸಿ ಹಾಕಿ. ಚೋಕ್ ಎಳೆಯದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಾದ ಪೆಟ್ರೋಲು ಹೊರಗೆ ಹೋಗುತ್ತದೆ. ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲು ಸುರಿಯುವ ಅಭ್ಯಾಸ ಬೇಡ. ಎದುರು ಬೆಂಕಿ ಬಂದರೆ ಮುಖ ಸುಡುತ್ತದೆ.

ಹೊತ್ತು ತಪ್ಪಿದ ಕಿಡಿ

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೆ ಕಾರ್ಬೊರೇಟರಿನಲ್ಲಿ 'ಫಟ್' ಅಂತ ಸಿಡಿಯುತ್ತದೆ ಅಂದರೆ ಕಿಡಿ ತಪ್ಪು ಹೊತ್ತಿಗೆ ಬರುತ್ತಿದೆ. ಈ ಎಂಜಿನ್ನಿನಲ್ಲಿ ಕಿಡಿಯ ಸರದಿ 1-3-2. ಡಿಸ್ಟ್ರಿಬ್ಯೂಟರಿನ ರೋಟರ್ ಯಾವ ಕಡೆ ತಿರುಗುತ್ತದೋ ಆ ಕಡೆಗೆ ಒಂದನೆಯದು, ಮೂರನೆಯದು, ಎರಡನೆಯದು ಹೀಗೆ ವೈರು ಇರಬೇಕು. ಸಾಲಾಗಿ 1-2-3 ಅಂತ ಸಿಕ್ಕಿಸುವವರೇ ಹೆಚ್ಚು.

ವೈರು ಸರಿ ಇದ್ದೂ ಸಿಡಿದರೆ ಹೆಬ್ಬೆರಳಿನ ಪರೀಕ್ಷೆ ಮಾಡಿ. ಮೂರೂ ಪ್ಲಗ್ ತೆಗೆಯಿರಿ, ಗಾಡಿ ನ್ಯೂಟ್ರಲ್ಲಿನಲ್ಲಿರಲಿ. ಟೈಮಿಂಗ್ ಬೆಲ್ಟ್ ಇರುವ ಕಡೆಯದು ಒಂದನೇ ಸಿಲಿಂಡರ್. ಅದರ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಂದ ಕ್ರ್ಯಾಂಕ್ ಪುಲ್ಲಿಯನ್ನು ಸ್ಪಾನರಿನಲ್ಲಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಂದು ಸಲ ಗಾಳಿ ಒತ್ತಲು, ಒಂದು ಸಲ ಹೊಗೆ ಹೊರಗೆ ಹಾಕಲು. ಬೆರಳನ್ನು ಗಾಳಿ ತಳ್ಳಿದರೆ ಅದು ಒತ್ತುವ ಸರದಿ. ಬೆರಳು ತೆಗೆದು, ಒಂದು ಉದ್ದ ಪ್ಲಾಸ್ಟಿಕ್ ಸ್ಟ್ರಾ ಇಳಿಬಿಟ್ಟು ಪಿಸ್ಟನ್ ಪೂರಾ ಮೇಲೆ ಬರುವ ತನಕ ತಿರುಗಿಸಿ. ಆಗ ರೋಟರ್ ಒಂದನೇ ಪ್ಲಗ್ಗಿನ ವೈರಿನ ಕಡೆ ಮುಖ ಮಾಡಿರಬೇಕು. ಬೇರೆ ಕಡೆ ನೋಡುತ್ತಿದ್ದರೆ ಡಿಸ್ಟ್ರಿಬ್ಯೂಟರನ್ನು ತಪ್ಪು ಹಲ್ಲಿಗೆ ಕೂರಿಸಲಾಗಿದೆ.

ಕ್ಯಾಮ್ ಪುಲ್ಲಿ, ಕ್ರ್ಯಾಂಕ್ ಪುಲ್ಲಿಗಳ ಗುರುತುಗಳು ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಕೂಡಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಬೆಲ್ಟ್ ಹಾಕಿದ ಮೇಲೆ ಕೈಯಿಂದಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದಾ ನೋಡಿದ ಮೇಲೇ ಸೆಲ್ಫ್ ಮುಟ್ಟಿ. ಕೆಲವು ಎಂಜಿನ್ನುಗಳಲ್ಲಿ ಬೆಲ್ಟ್ ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಬಗ್ಗುತ್ತದೆ.

ಒಂದು ಉದಾಹರಣೆ

ಪಕ್ಕದ ಊರಿನವರೊಬ್ಬರು ಮಗನ ಜೊತೆ ಸೇರಿ ಓಮ್ನಿಯ ಹೆಡ್ ಗ್ಯಾಸ್ಕೆಟ್ ಹಾಕಿದ್ದರು. ಅವರೆಕಾಯಿ ಕೊಯ್ಲಿನ ಹೊತ್ತು. ಮೂರು ದಿನದಿಂದ ಗಾಡಿ ಸ್ಟಾರ್ಟಿಲ್ಲ. ಕೊಯ್ದ ಕಾಯಿ ಬಾಡುತ್ತಿತ್ತು, ಬಾಡಿಗೆ ಗಾಡಿಗೆ ಕೊಟ್ಟರೆ ಲಾಭವೆಲ್ಲಾ ಅದಕ್ಕೇ ಹೋಗುತ್ತಿತ್ತು. ಮತ್ತೆ ಹೆಡ್ ಬಿಚ್ಚಲು ಇನ್ನೊಂದು ಗ್ಯಾಸ್ಕೆಟ್ ತಂದಿಟ್ಟುಕೊಂಡಿದ್ದರು. "ಅಣ್ಣ, ಒಂದ್ಸಲ ಬಂದು ನೋಡು" ಅಂತ ಕರೆದರು.

ಪ್ಲಗ್ ಒದ್ದೆ, ಕಿಡಿ ನೀಲಿ, ಸೆಲ್ಫ್ ಹೊಡೆದರೆ ಕಾರ್ಬೊರೇಟರಿನಲ್ಲಿ ಸಿಡಿತ. ಎರಡು ಮತ್ತು ಮೂರನೇ ವೈರು ಅದಲುಬದಲಾಗಿತ್ತು. ಸರಿ ಮಾಡಿದ ಕೂಡಲೇ ಸ್ಟಾರ್ಟ್ ಆಯಿತು, ಆದರೆ ಸ್ವಲ್ಪ ಹೊತ್ತಿಗೆ ನಿಂತಿತು. ಪ್ಲಗ್ ಒದ್ದೆ ಆಗಿದ್ದದ್ದು ಅವರು ಮೇಲಿನಿಂದ ಸುರಿದ ಪೆಟ್ರೋಲಿನಿಂದ. ಪಂಪಿನ ಪೈಪು ಕಳಚಿ ನೋಡಿದರೆ ಒಂದು ಹನಿಯೂ ಇಲ್ಲ. ಪಂಪಿನ ರಾಡು ನಟ್ಟು ಬೋಲ್ಟ್ ತೊಳೆದ ಸೀಮೆಎಣ್ಣೆ ಬಾಣಲೆಯ ತಳದಲ್ಲಿತ್ತು. ಅದನ್ನು ಹಾಕಿದ ಮೇಲೆ ಗಾಡಿ ಹೊರಟಿತು. ಖರ್ಚು ಏನೂ ಇಲ್ಲ. ಒಂದು ಕೊರತೆ ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಬಾರದು, ಒಂದೇ ಕೆಲಸದಲ್ಲಿ ಎರಡು ಕೊರತೆ ಉಳಿಯಬಹುದು ಅಂತ ಇದರಿಂದ ತಿಳಿಯುತ್ತದೆ.

ಒತ್ತಡ ಇಲ್ಲದಿದ್ದರೆ

ಮೇಲಿನದೆಲ್ಲಾ ಸರಿ ಇದ್ದರೆ ಕಂಪ್ರೆಶನ್ ಗೇಜ್ ಹಾಕಬೇಕು. ಮೂರು ಸಿಲಿಂಡರಿನ ಲೆಕ್ಕ ಹತ್ತಿರ ಹತ್ತಿರ ಇರಬೇಕು. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಇದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಕೂತಿಲ್ಲ. ಒಂದರಲ್ಲಿ ಕಡಿಮೆ ಇದ್ದರೆ ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗಿನ ದೋಷ, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ. ಟ್ಯಾಪೆಟ್ ಬಿಗಿಯಾಗಿ ಸೆಟ್ ಮಾಡಿದ್ದರೆ ವಾಲ್ವು ಮುಚ್ಚುವುದೇ ಇಲ್ಲ. ಹಾಗಾಗಿ ಹೆಡ್ ಬಿಚ್ಚುವ ಮೊದಲು ಫೀಲರ್ ಗೇಜ್ ಹಾಕಿ ಟ್ಯಾಪೆಟ್ ನೋಡಿ.

ಹೆಡ್ ಬಿಚ್ಚಲೇಬೇಕಾದರೆ ಮುಖ ಸೊಟ್ಟ ಆಗಿದೆಯಾ ನೋಡಿಸಿ. ಕಾದು ಕುದಿದ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಬಗ್ಗಿರುತ್ತದೆ. ಭದ್ರಾವತಿ, ಶಿವಮೊಗ್ಗ ಎರಡೂ ಕಡೆ ಲೇತ್ ಕೆಲಸದವರಿದ್ದಾರೆ. ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ಇರದಂತೆ ಒರೆಸಿ. ನಡುವಿನಿಂದ ಹೊರಕ್ಕೆ ಎರಡು ಮೂರು ಸಲಕ್ಕೆ, ಟಾರ್ಕ್ ಸ್ಪಾನರಿನಲ್ಲೇ ಬಿಗಿ ಮಾಡಿ. ಕೈ ಅಂದಾಜು ಇಲ್ಲಿ ನಡೆಯೋದಿಲ್ಲ.

ಹೊಸ ಗಾಡಿ, ಡೀಸೆಲ್ ಗಾಡಿ

ಪೆಟ್ರೋಲ್ ಇಂಜೆಕ್ಷನ್ ಇರುವ ಗಾಡಿಗಳಲ್ಲಿ ಕಾರ್ಬೊರೇಟರ್ ಇಲ್ಲ. ಕೀ ತಿರುಗಿಸಿದಾಗ ಟ್ಯಾಂಕಿನ ಪಂಪು ಒಂದೆರಡು ಸೆಕೆಂಡ್ ಗುಂಯ್ ಅನ್ನಬೇಕು. ಕ್ರ್ಯಾಂಕ್, ಕ್ಯಾಮ್ ಸೆನ್ಸರಿನ ಸಾಕೆಟ್ ಕೂತಿವೆಯಾ ನೋಡಿ. ಮುಂದಕ್ಕೆ ಸ್ಕ್ಯಾನರ್ ಬೇಕು. ಕಾಯಿಲ್ ಎಳೆದು ಕಿಡಿ ಹಾರಿಸುವ ಹಳೇ ಪದ್ಧತಿ ಅಲ್ಲಿ ಬೇಡ, ಕಂಪ್ಯೂಟರ್ ಸುಡಬಹುದು.

ಹಳೇ ಡೀಸೆಲ್ ಜೀಪು, ಟ್ರ್ಯಾಕ್ಟರ್, ಪಂಪ್‌ಸೆಟ್ ಎಂಜಿನ್ನುಗಳಲ್ಲಿ ಮೊದಲ ಅನುಮಾನ ಪೈಪಿನೊಳಗಿನ ಗಾಳಿ. ಫಿಲ್ಟರಿನ ಗಾಳಿ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಪಂಪು ಹೊಡೆದು ಬಿಗಿ ಮಾಡಿ.

ಎಲ್ಲಿಗೆ ನಿಲ್ಲಿಸಬೇಕು

ಗೇಜ್, ಟಾರ್ಕ್ ಸ್ಪಾನರ್ ಇಲ್ಲದಿದ್ದರೆ ಕಂಪ್ರೆಶನ್ ಹಂತಕ್ಕೆ ನಿಲ್ಲಿಸಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೋ ಹತ್ತಿರದ ಗ್ಯಾರೇಜಿಗೋ ಹೋಗಿ, ನೀವು ಏನೇನು ನೋಡಿದಿರಿ ಅಂತ ಸಾಲಾಗಿ ಹೇಳಿ. ಕಿಡಿ ಇದೆ, ಪೆಟ್ರೋಲಿದೆ, ರೋಟರ್ ಸರಿ ಇದೆ ಅಂದರೆ ಮೆಕ್ಯಾನಿಕ್‌ಗೂ ಅರ್ಧ ದಿನ ಉಳಿಯುತ್ತದೆ, ನಿಮಗೂ ಕೂಲಿ ಉಳಿಯುತ್ತದೆ.

ಮುಂದಿನ ಸಲ ಬಿಚ್ಚುವ ಮೊದಲು ಮೊಬೈಲಿನಲ್ಲಿ ಪ್ರತಿ ವೈರು, ಪೈಪಿನ ಫೋಟೋ ಹಿಡಿಯಿರಿ. ವೈರಿಗೆ ಬಟ್ಟೆ ಕಟ್ಟಿ ನಂಬರ್ ಹಾಕಿ. ಬೋಲ್ಟುಗಳನ್ನು ಬಿಚ್ಚಿದ ಜಾಗದ ಪ್ರಕಾರ ಬೇರೆ ಬೇರೆ ಡಬ್ಬಿಯಲ್ಲಿಡಿ. ಕಟ್ಟಿ ಮುಗಿದ ಮೇಲೆ ಡಬ್ಬಿಯಲ್ಲಿ ಏನಾದರೂ ಉಳಿದಿದ್ದರೆ, ಸೆಲ್ಫ್ ಹೊಡೆಯುವ ಮೊದಲು ಅದರ ಜಾಗ ಹುಡುಕಿ. ಬೇರೆ ಗಾಡಿಗಳಲ್ಲಿ ಕೆಲಸ ಮಾಡಿ ಅನುಭವ ಇರುವ ರೈತರೂ ಬರೆದರೆ ಎಲ್ಲರಿಗೂ ಉಪಯೋಗವಾಗುತ್ತದೆ.