ಪಿಂಟು ಒಂದು ಹೊತ್ತು ಉಪವಾಸ ಇದ್ದರೇನಂತೆ?

ಮದುವೆ ಸೀಸನ್ ಬಂತೆಂದರೆ ಬೆಂಗಳೂರಿನ ಸಾಕುನಾಯಿಗಳಿಗೆ ಸಂಜೆಗಳು ಕಷ್ಟ. ಮನೆಮಂದಿಯೆಲ್ಲ ರೇಷ್ಮೆ ಉಟ್ಟು ಆರತಕ್ಷತೆಗೆ ಹೊರಟರೆ ನಾಯಿಯನ್ನು ಯಾರ ಕೈಗೊಪ್ಪಿಸುವುದು? ಹಿಂದೆಲ್ಲ ಅದು ಹಿತ್ತಲಲ್ಲಿರುತ್ತಿತ್ತು, ಜಗಲಿಯಲ್ಲಿ ಅಜ್ಜಿ ಇರುತ್ತಿದ್ದಳು. ಈಗ ಮೂರನೇ ಮಹಡಿಯ ಫ್ಲ್ಯಾಟಿನ ಸೋಫಾವೇ ಅದರ ಹಿತ್ತಲು. ಬೋರ್ಡಿಂಗಿಗೆ ಬಿಡೋಣವೆಂದರೆ ಒಂದು ಸಂಜೆಯ ಮಟ್ಟಿಗೆ ಅದು ಅತಿಯಾಯಿತು. ಆಗ ನೆನಪಾಗುವವನು ಸ್ಕೂಟರಿನಲ್ಲಿ ಹತ್ತು ನಿಮಿಷಕ್ಕೆ ಬಂದು ತಲುಪುವ, ಮದುವೆ ಊಟಕ್ಕೆ ಅಷ್ಟೇನೂ ಹಂಬಲಿಸದ ತಮ್ಮ. ನಮ್ಮ ಕುಟುಂಬದಲ್ಲಿ ಆ ಹುದ್ದೆ ನನ್ನದು.

ಅಕ್ಕನ ಮನೆಯ ಪಿಂಟುವನ್ನು ಎಲ್ಲರೂ ಪಾಮೇರಿಯನ್ ಎನ್ನುತ್ತಾರೆ. ನಮ್ಮಲ್ಲಿ ಆ ಹೆಸರಿನಲ್ಲಿ ಸಾಕುವ ಹೆಚ್ಚಿನ ನಾಯಿಗಳಂತೆ ಅವನೂ ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿ ಇದೇ ತಳಿ. ಪಿಂಟುವಿಗಿಂತ ಮೊದಲು ನನಗೆ ಸಿಗುವುದು ಅಕ್ಕನ ವಾಯ್ಸ್ ಮೆಸೇಜ್. "ಲೋ, ಕೇಳಿಸ್ಕೊ. ಬಟ್ಟಲಲ್ಲಿ ಹಾಕಿದ್ರೆ ಅವ್ನು ಮೂಸೂ ನೋಡಲ್ಲ. ಮೊಸರನ್ನ ಕಲೆಸಿ, ಉಂಡೆ ಮಾಡಿ, ಕೈಯಲ್ಲೇ ಕೊಡ್ಬೇಕು. ಮೊಸರು ಹುಳಿ ಇದ್ರೆ ಮುಟ್ಟಲ್ಲ. ಟಿವಿ ಆಫ್ ಮಾಡ್ಬೇಡ. ಬಾಲ್ಕನಿ ಬಾಗ್ಲು ಪೂರ್ತಿ ಹಾಕ್ಬೇಡ, ತೆಗೀಲೂಬೇಡ, ಸ್ವಲ್ಪ ಓರೆ ಮಾಡಿರು." ಭಾವನಿಗೆ ಮಾತ್ರೆ ಕೊಡುವುದಕ್ಕೂ ಅವಳು ಇಷ್ಟು ವಿವರ ಹೇಳಿದವಳಲ್ಲ.

ಇಂಥ ಹಟ ಹುಟ್ಟುಗುಣವೇನಲ್ಲ. '777 ಚಾರ್ಲಿ' ನೋಡಿ ಲ್ಯಾಬ್ರಡಾರ್ ತಂದವರ ದೂರು ಇದಕ್ಕೆ ತದ್ವಿರುದ್ಧ: ಕೊಟ್ಟದ್ದನ್ನೂ ತಿನ್ನುತ್ತದೆ, ಕೊಡದ್ದನ್ನೂ ತಿನ್ನುತ್ತದೆ. ಆ ತಳಿಯ ಸುಮಾರು ಕಾಲು ಭಾಗದಷ್ಟು ನಾಯಿಗಳಲ್ಲಿ ಹಸಿವನ್ನು ಹದ್ದಿನಲ್ಲಿಡುವ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇಲ್ಲವೆಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅವುಗಳ ಹೊಟ್ಟೆಬಾಕತನಕ್ಕೆ ಹಾಗೆ ಜೀನಿನ ನೆಪವಾದರೂ ಇದೆ. ಪಿಂಟುವಿನದು ಕಲಿತ ವಿದ್ಯೆ. ಒಂದು ದಿನ ಬಟ್ಟಲು ಬಿಟ್ಟೆದ್ದ, ಮೇಲೆ ತುಪ್ಪ ಬಿತ್ತು. ಇನ್ನೊಂದು ದಿನ ಮುಖ ತಿರುಗಿಸಿದ, ಮಾರಿ ಬಿಸ್ಕತ್ತು ಬಂತು. ಇನ್ನೂ ಸ್ವಲ್ಪ ಕಾದರೆ ಅಕ್ಕನ ಕೈಯೇ ಬಾಯಿಗೆ ಬರುತ್ತದೆಂದು ಲೆಕ್ಕ ಹಾಕಲು ಅವನಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಚೆನ್ನಾಗಿ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಊಟ ಬಿಟ್ಟರೆ ಮಾತು ಬೇರೆ. ಹಲ್ಲೋ ಹೊಟ್ಟೆಯೋ ಕೆಟ್ಟಿರಬಹುದು, ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಒಂದು ಸಂಜೆಗೆ ಬಂದ ಮಾಮ ಏನು ಮಾಡಬೇಕು? ಆದಷ್ಟು ಕಡಿಮೆ ಮಾಡಬೇಕು. ಆರೋಗ್ಯವಾಗಿರುವ, ಬೆಳೆದ ನಾಯಿ ಒಂದು ಹೊತ್ತು ಉಣ್ಣದಿದ್ದರೆ ಸೊರಗುವುದಿಲ್ಲ. ಪುಟ್ಟ ತಳಿಯ ಮರಿಗಳು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವ ನಾಯಿಗಳ ವಿಷಯದಲ್ಲಿ ಮಾತ್ರ ಹೀಗೆ ಬಿಡುವಂತಿಲ್ಲ. ಅಪಾಯವಿರುವುದು ಉಪವಾಸದಲ್ಲಲ್ಲ, 'ಅಯ್ಯೋ ಪಾಪ' ಎಂದು ಮರುಗಿ ನಾವು ಅಡುಗೆಮನೆಯ ಡಬ್ಬಿಗಳಿಗೆ ಕೈ ಹಾಕುವುದರಲ್ಲಿ.

ನಮ್ಮ ಅಡುಗೆಯೋ, ನಾಯಿಯ ಲೆಕ್ಕದಲ್ಲಿ ಭಯಂಕರ. ಈರುಳ್ಳಿ, ಬೆಳ್ಳುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಸಾರು ಕಲೆಸಿದ ಅನ್ನ ಅಲ್ಲಿಗೆ ಬಾದ್. ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುತ್ತದೆ, ಅದು ಮೂತ್ರಪಿಂಡಕ್ಕೆ ಮಾರಕವಾಗಬಹುದು. ದ್ರಾಕ್ಷಿಯಲ್ಲಿ ವಿಷ ಯಾವುದೆಂಬುದು ವರ್ಷಗಟ್ಟಲೆ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಅವರಿಗೆ ಸುಳಿವು ಕೊಟ್ಟದ್ದು, ಬೇಕಿಂಗಿಗೆ ಬಳಸುವ ಕ್ರೀಮ್ ಆಫ್ ಟಾರ್ಟರ್ ಮತ್ತು ಹುಣಸೆಹಣ್ಣು ತಿಂದು ಅದೇ ಬಗೆಯಲ್ಲಿ ಮೂತ್ರಪಿಂಡ ಕೆಡಿಸಿಕೊಂಡ ನಾಯಿಗಳು. ಹುಣಸೆಯ ಹುಳಿಗೂ ಅದೇ ಆಮ್ಲ ಮೂಲ. ಹುಳಿ, ಗೊಜ್ಜು, ಪುಳಿಯೋಗರೆಯೆಂದು ಹುಣಸೆಯಿಲ್ಲದೆ ದಿನ ಕಳೆಯದ ನಮ್ಮ ಮನೆಗಳಲ್ಲಿ ಈ ಸುದ್ದಿ ಇನ್ನಷ್ಟು ಓಡಾಡಬೇಕಿತ್ತು. ಚಾಕೊಲೇಟ್ ಬೇಡವೆಂಬುದು ಗೊತ್ತಿರುವವರಿಗೂ ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನ ಜೈಲಿಟಾಲ್ ಅದಕ್ಕಿಂತ ಬೇಗ ನಾಯಿಯನ್ನು ಕೆಡವಬಲ್ಲದೆಂಬುದು ಗೊತ್ತಿರುವುದಿಲ್ಲ.

ತಿನ್ನಿಸಲೇಬೇಕೆನ್ನುವ ಛಲವಿದ್ದರೆ ಅದರ ದಿನದ ಊಟವನ್ನೇ ಉಗುರುಬೆಚ್ಚಗೆ ಮಾಡಿ. ನಾಯಿಯ ನಾಲಿಗೆಯಲ್ಲಿ ರುಚಿಮೊಗ್ಗುಗಳು ಸುಮಾರು 1,700, ನಮ್ಮಲ್ಲಿ ಅದರ ಐದು ಪಟ್ಟಿಗೂ ಹೆಚ್ಚು. ಅದು ಉಣ್ಣುವುದು ಮುಕ್ಕಾಲು ಪಾಲು ಮೂಗಿನಿಂದ, ಬಿಸಿ ತಾಗಿದರೆ ವಾಸನೆ ಏಳುತ್ತದೆ. ಹದಿನೈದು ನಿಮಿಷ ಬಟ್ಟಲಿಟ್ಟು ಸುಮ್ಮನೆ ಎತ್ತಿಬಿಡಿ. ಬೇಡಿಕೊಳ್ಳಬೇಡಿ.

ಪಿಂಟುವಿನ ಜೊತೆ ನಾನು ಮಾಡುವುದು ಇಷ್ಟೇ. ಒಳಗೆ ಹೋದವನೇ ಅವನ ಕಡೆ ನೋಡದೆ ನೆಲದ ಮೇಲೆ ಕೂತು ಪೇಪರ್ ಬಿಡಿಸುತ್ತೇನೆ. ಅವನು ಬಾಗಿಲ ಬಳಿ ಕೂತು ಕುಂಯ್‌ಗುಡುತ್ತಾನೆ, ನನ್ನನ್ನು ಕಂಡು ಆಕಳಿಸುತ್ತಾನೆ, ಮೂಗು ನೆಕ್ಕಿಕೊಳ್ಳುತ್ತಾನೆ. ಅದು ನಿದ್ದೆಯೂ ಅಲ್ಲ, ಹಸಿವೂ ಅಲ್ಲ, ಕಸಿವಿಸಿ. ಆಗ ಎತ್ತಿಕೊಂಡು ಮುದ್ದಿಸಲು ಹೋಗುವವರಿಗೇ ಹಲ್ಲು ತಾಗುವುದು. ಅಕ್ಕ ಉಟ್ಟು ಬಿಟ್ಟ ಹತ್ತಿ ಸೀರೆಯನ್ನು ಅವನ ಹಾಸಿಗೆಗೆ ಹಾಕುತ್ತೇನೆ. ಇದಕ್ಕೂ ಒಂದು ಆಧಾರವುಂಟು. ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಎಚ್ಚರವಿದ್ದೇ ಅಲುಗಾಡದೆ ಮಲಗುವಂತೆ ಪಳಗಿಸಿ, ಬೇರೆ ಬೇರೆ ವಾಸನೆ ತೋರಿಸಿದರು. ಮಿದುಳಿನಲ್ಲಿ ಹಿತವಾದದ್ದನ್ನು ನಿರೀಕ್ಷಿಸುವ ಭಾಗ ಹೆಚ್ಚು ಮಿಡುಕಿದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯರು ಆಗ ಎದುರಿಗೂ ಇರಲಿಲ್ಲ.

ಎಚ್ಚರ ಬೇಕಾದದ್ದು ಬಾಗಿಲಿನಲ್ಲಿ. ಪಾರ್ಸಲ್ ಹುಡುಗ ಬೆಲ್ ಮಾಡಿದ, ನೀವು ಕದ ತೆರೆದಿರಿ, ನಾಯಿ ಯಜಮಾನಿಯನ್ನು ಹುಡುಕಿಕೊಂಡು ಮೆಟ್ಟಿಲಿಳಿಯಿತು. ಆಮೇಲೆ ಬೀದಿನಾಯಿಗಳ ಸಾಮ್ರಾಜ್ಯ. ಪರಿಚಯವಿಲ್ಲದವನ ಕರೆಗೆ ಅದು ತಿರುಗಿಯೂ ನೋಡುವುದಿಲ್ಲ. ಗ್ರಿಲ್ ಹಾಕಿಯೇ ಇರಲಿ. ಉಚ್ಚೆಗೆ ಕರೆದೊಯ್ಯುವುದಾದರೆ ಬೆಲ್ಟನ್ನು ಮನೆಯೊಳಗೇ ಬಿಗಿದು, ಎರಡು ಬೆರಳು ತೂರುವಷ್ಟೇ ಸಡಿಲವಿದೆಯೇ ಎಂದು ನೋಡಿಕೊಳ್ಳಬೇಕು. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಹತ್ತಿರದಲ್ಲಿ ಯಾವುದಿದೆ ಎಂದು ಅಕ್ಕಂದಿರು ಹೊರಡುವ ಮೊದಲೇ ಹೇಳಿಹೋಗಲಿ. ಮೊಸರಿನ ಹುಳಿಗಿಂತ ಅದು ಮುಖ್ಯ.

ಛತ್ರದಿಂದ ಅಕ್ಕ ಅರ್ಧ ಗಂಟೆಗೊಮ್ಮೆ ಫೋನು ಮಾಡುತ್ತಾಳೆ. ಊಟದ ಎಲೆಯ ಮುಂದೆ ಕೂತೂ ಮಾಡುತ್ತಾಳೆ. ಅವಳ ಸಮಾಧಾನಕ್ಕೆಂದು ಸ್ವೀಡನ್ನಿನ ಸಂಶೋಧನೆಯೊಂದನ್ನು ಹೇಳಿದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಇಬ್ಬರು 2011ರಲ್ಲಿ ಪ್ರಕಟಿಸಿದ್ದು: ಮನೆಯವರು ಅರ್ಧ ಗಂಟೆ ಬಿಟ್ಟು ಬಂದಾಗಿನದಕ್ಕಿಂತ ಎರಡು ಗಂಟೆ ಬಿಟ್ಟು ಬಂದಾಗ ನಾಯಿ ಹೆಚ್ಚು ಸಂಭ್ರಮಪಡುತ್ತದೆ, ಆದರೆ ಎರಡು ಗಂಟೆಗೂ ನಾಲ್ಕು ಗಂಟೆಗೂ ಆ ಸಂಭ್ರಮದಲ್ಲಿ ಅಂತರ ಕಾಣಲಿಲ್ಲ. ಅಂದಮೇಲೆ ಬೀಡಾ ಹಾಕಿಕೊಂಡು ನಿಧಾನವಾಗಿಯೇ ಬಾ ಎಂದೆ.

"ಎಷ್ಟು ನಾಯಿ ನೋಡಿ ಹೇಳಿದ್ರಂತೆ?"

"ಹನ್ನೆರಡು."

"ಆ ಹನ್ನೆರಡ್ರಲ್ಲಿ ನಮ್ಮ ಪಿಂಟು ಇರ್ಲಿಲ್ವಲ್ಲ" ಎಂದವಳೇ ಭಾವನಿಗೆ ಕಾರು ತೆಗೆಯಲು ಹೇಳಿದಳು.