‘ಕರೆಂಟು’ ಹೊಳೆಯಲ್ಲೂ ಇದೆ

ಒಂಬತ್ತನೇ ತರಗತಿಯ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಥದೊಂದು ವಾಕ್ಯ ಬಂತು ಎಂದಿಟ್ಟುಕೊಳ್ಳೋಣ: ‘ದಿ ಕರೆಂಟ್ ವಾಸ್ ಸ್ಟ್ರಾಂಗ್, ಸೋ ದಿ ಬೋಟ್‌ಮನ್ ವೇಟೆಡ್ ಫಾರ್ ದಿ ಟೈಡ್ ಟು ಟರ್ನ್.’ ಒಟ್ಟು ಹದಿಮೂರು ಪದ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಲ್ಲಿ ಕೇಳಿಯೇ ಗೊತ್ತಿಲ್ಲದ್ದು ‘ಟೈಡ್’ ಒಂದೇ ಇರಬಹುದು. ಸ್ಟ್ರಾಂಗ್ ಗೊತ್ತು, ಬೋಟ್ ಗೊತ್ತು, ವೇಟ್ ಮಾಡುವುದೂ ಗೊತ್ತು. ಆದರೂ ವಾಕ್ಯ ದಕ್ಕುವುದಿಲ್ಲ. ಕರೆಂಟು ಅಂದರೆ ಅವರಿಗೆ ಮಳೆಗಾಲದ ಗಾಳಿಗೆ ಹೋಗುವ ಕರೆಂಟು. ಅದಕ್ಕೂ ದೋಣಿಯವನಿಗೂ ಎಂತ ಸಂಬಂಧ? ಆದರೆ ಪಂಚಗಂಗಾವಳಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿನ ಸೆಳೆತ ಹೇಗಿರುತ್ತದೆ, ಭರತ ಬರುವ ತನಕ ದೋಣಿಯವರು ಯಾಕೆ ಕಾಯುತ್ತಾರೆ ಎಂಬುದನ್ನು ಗಂಗೊಳ್ಳಿಯ, ಕೋಡಿಯ ಮಕ್ಕಳಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿಲ್ಲ. ವಿಷಯ ಗೊತ್ತಿದೆ, ಪದಗಳೂ ಹೆಚ್ಚುಕಡಿಮೆ ಗೊತ್ತಿವೆ, ನಡುವೆ ದಾಟಲಿಕ್ಕೊಂದು ಕಾಲುಸಂಕ ಇಲ್ಲ. ಗದ್ಯಭಾಗ ಓದಿಸಿ ಪದ ಕಲಿಸುವುದು ಅಂಥ ಸಂಕ ಹಾಕುವ ಕಸುಬು. ನಮ್ಮ ಶಾಲೆಗಳಲ್ಲಿ ಅದು ಪಠ್ಯದ ಕೊನೆಯ ‘ಶಬ್ದಾರ್ಥ’ಕ್ಕೂ ಗೈಡಿನ ಪ್ರಶ್ನೋತ್ತರಕ್ಕೂ ಇಳಿದುಬಿಟ್ಟಿದೆ. ಇದನ್ನು ಮತ್ತೆ ಕಸುಬಾಗಿಯೇ ನೋಡಬೇಕು.

ನಮ್ಮ ಮಕ್ಕಳ ಕೈಯಲ್ಲಿ ಇರುವ ಬಂಡವಾಳ ಎಷ್ಟೆಂದು ತಿಳಿಯಲು ಚೀನಾದ ಮಕ್ಕಳ ಕಡೆ ಒಮ್ಮೆ ನೋಡಬೇಕು. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಕಾವ್‌ನ 750 ಅಂಕಗಳಲ್ಲಿ 150 ಇಂಗ್ಲಿಷಿಗೆ. ಅದರಲ್ಲಿ ಓದಿ ಅರ್ಥಮಾಡಿಕೊಳ್ಳುವ ಗದ್ಯಭಾಗಗಳದ್ದೇ ದೊಡ್ಡ ಪಾಲು. ಆದರೆ ಆ ಮಕ್ಕಳಿಗೆ ಮನೆಮಾತಿನಿಂದ ಸಿಗುವ ಇಂಗ್ಲಿಷ್ ಬಹಳ ಕಡಿಮೆ. ಚೀನಿ ಭಾಷೆ ಹೊರಗಿನ ಪದವನ್ನು ಹೆಚ್ಚಾಗಿ ಅರ್ಥ ಬಿಡಿಸಿಯೇ ಒಳಗೆ ಸೇರಿಸಿಕೊಳ್ಳುತ್ತದೆ: ಕಂಪ್ಯೂಟರಿಗೆ ಅವರಲ್ಲಿ ‘ವಿದ್ಯುತ್ ಮಿದುಳು’, ಟೆಲಿಫೋನಿಗೆ ‘ವಿದ್ಯುತ್ ಮಾತು’, ಸಿನಿಮಾಕ್ಕೆ ‘ವಿದ್ಯುತ್ ನೆರಳು’, ರೈಲಿಗೆ ‘ಬೆಂಕಿ ಗಾಡಿ’. ಕಾಫಿ, ಸೋಫಾದಂಥ ಕೆಲವು ಮಾತ್ರ ದನಿಯ ಸಮೇತ ಬಂದಿವೆ. ಹಾಗಾಗಿ ಪುಸ್ತಕದಲ್ಲಿ ಕಾಣುವ ಬಹುಪಾಲು ಇಂಗ್ಲಿಷ್ ಪದ ಅಲ್ಲಿ ಹೊಸ ಗುರುತು. ನಮ್ಮಲ್ಲಿ ಹಾಗಲ್ಲ. ಬಸ್ಸು, ಟಿಕೆಟು, ಚೇಂಜು, ಡೀಸೆಲ್, ಐಸ್ ಪ್ಲಾಂಟು, ರಶೀದಿ ಕೊಡುವ ಕೌಂಟರು ಎಲ್ಲ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಾಯಲ್ಲಿವೆ. ಇಂಗ್ಲಿಷ್ ಒಂದಕ್ಷರ ಓದಲಾರದ ಅಜ್ಜಿಯೂ ಇಂಥ ಹಲವು ಹತ್ತು ಪದಗಳ ಒಡತಿ.

ತೊಂದರೆ ಇರುವುದೂ ಇಲ್ಲೇ. ಪದ ನಮ್ಮ ಊರಿಗೆ ಬಂದು ಒಂದು ಕೆಲಸಕ್ಕೆ ನಿಂತಿದೆ, ಅದರ ಉಳಿದ ಅರ್ಥಗಳು ಅಲ್ಲೇ ಉಳಿದಿವೆ. ಈ ಮೂರು ತಾಲೂಕುಗಳಿಂದ ಬೆಂಗಳೂರಿಗೆ, ಮುಂಬೈಗೆ ಹೋಗಿ ಹೋಟೆಲು ಕಟ್ಟಿದವರು ಬಹಳ. ಆ ಉದ್ಯಮದ ಮಾತನ್ನೇ ತೆಗೆದುಕೊಳ್ಳಿ. ನಮಗೆ ಹೋಟೆಲು ಅಂದರೆ ತಿಂಡಿ ಊಟದ ಜಾಗ, ಕಥೆಯಲ್ಲಿ ಬರುವ ಹೋಟೆಲಿನಲ್ಲಿ ಜನ ರಾತ್ರಿ ಮಲಗುತ್ತಾರೆ. ನಮ್ಮ ಸಪ್ಲಾಯರ್ ತಟ್ಟೆ ತಂದಿಡುವವನು, ಪುಸ್ತಕದ ಸಪ್ಲಾಯರ್ ಅಂಗಡಿಗೆ ಸರಕು ಒದಗಿಸುವವನು. ಪಾರ್ಸೆಲ್ ಇಲ್ಲಿ ಕಟ್ಟಿಸಿಕೊಂಡು ಹೋಗುವ ಇಡ್ಲಿ ಸಾಂಬಾರು, ಅಲ್ಲಿ ಅಂಚೆಯಲ್ಲಿ ಬರುವ ಕಟ್ಟು. ಮೀನುಗಾರಿಕೆಯಲ್ಲಿ ಇದು ಇನ್ನೂ ಸೊಗಸಾಗಿದೆ. ‘ಪರ್ಸೀನ್ ಬೋಟ್’ ಎನ್ನದ ಮೀನುಗಾರರ ಮನೆ ಕರಾವಳಿಯಲ್ಲಿ ಸಿಗುವುದು ಕಷ್ಟ. ಆ ಪದದೊಳಗೆ ಇರುವುದು ಜೇಬಿನ ಪರ್ಸೇ: ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು, ಅಡಿಯ ಹಗ್ಗ ಎಳೆದರೆ, ದಾರ ಎಳೆದ ಹಣದ ಸಂಚಿಯ ಬಾಯಿಯ ಹಾಗೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ. ಇದನ್ನು ಒಮ್ಮೆ ಹೇಳಿದರೆ ಸಾಕು, ಆ ಮಗುವಿಗೆ ಪರ್ಸ್ ಎಂಬುದು ವಸ್ತುವಿನ ಹೆಸರಷ್ಟೇ ಆಗಿ ಉಳಿಯದೆ ಒಂದು ಕ್ರಿಯೆಯಾಗಿಯೂ ಕಾಣುತ್ತದೆ. ನಮ್ಮ ಮಕ್ಕಳಿಗೆ ಮೊದಲು ಬೇಕಾದದ್ದು ಬಾಯಲ್ಲಿರುವ ಪದದ ಎರಡನೇ ಅರ್ಥ, ಹೊಸ ಪದಗಳ ಪಟ್ಟಿ ಆಮೇಲಿನದು. ಆ ಎರಡನೇ ಅರ್ಥ ಓದಿನ ನಡುವೆ ಸಿಗುತ್ತದೆ ಎಂಬುದೇ ಈ ಲೇಖನದ ವಾದ.

ಓದಿನ ನಡುವೆಯೇ ಯಾಕೆ? ಪದಸಂಪತ್ತಿನ ಬಗ್ಗೆ ಜೀವಮಾನವಿಡೀ ದುಡಿದ ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಷನ್ ಮತ್ತು ಅವರ ಜೊತೆಗಾರರ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಒಂದು ಬರಹ ಅರ್ಥವಾಗಬೇಕಾದರೆ ಅದರಲ್ಲಿನ ಶೇ 98ರಷ್ಟು ಪದಗಳು ಓದುಗನಿಗೆ ಮೊದಲೇ ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದು ಮಾತ್ರ ಹೊಸದು. ನಮ್ಮ ದೋಣಿಯ ವಾಕ್ಯದಲ್ಲಿ ಹದಿಮೂರಕ್ಕೆ ಒಂದು. ಗೊತ್ತಿದೆ ಎಂದುಕೊಂಡ ‘ಕರೆಂಟ್’ ಕೈಕೊಟ್ಟರೆ ಹದಿಮೂರಕ್ಕೆ ಎರಡು. ಗೊತ್ತಿಲ್ಲದ ಪದದ ಮುಂದೆ ಮಗು ನಿಲ್ಲುತ್ತದೆ, ಕೇಳುತ್ತದೆ. ತಪ್ಪಾಗಿ ಗೊತ್ತಿರುವ ಪದದ ಮುಂದೆ ನಿಲ್ಲುವುದೇ ಇಲ್ಲ, ಓದಿಕೊಂಡು ಮುಂದೆ ಹೋಗುತ್ತದೆ. ಇದಕ್ಕೆ ನಮ್ಮ ಲಿಪಿಯ ಅಭ್ಯಾಸವೂ ಸೇರುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಹಾಗೇ ಓದುತ್ತೇವೆ, ಓದಿದ್ದು ಮನೆಮಾತಾದ್ದರಿಂದ ಅರ್ಥ ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಓದಿದರೆ ಓದಿದ ಹಾಗೆ ಎಂದು ನಂಬಿಬಿಡುತ್ತೇವೆ. ಆ ಗಟ್ಟಿ ಓದಾದರೂ ಎಷ್ಟು ಮಕ್ಕಳಿಗೆ ಒಲಿದಿದೆ? 2022ರ ‘ಅಸರ್’ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಎಂಟನೇ ತರಗತಿ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 46.7. ಓದಬಲ್ಲವರೆಲ್ಲ ಅರ್ಥ ಹೇಳಬಲ್ಲವರಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಭಾಷೆಯಾಗಿ ಬಂದದ್ದು 2007ರಲ್ಲಿ. ವರ್ಷಗಳ ಸಂಖ್ಯೆ ಹೆಚ್ಚಿದರೆ ಸಾಕು ಎಂಬ ನಂಬಿಕೆಯನ್ನು ಇನ್ನಾದರೂ ಬಿಡಬೇಕು.

ಈ ಕಸುಬಿಗೆ ನಮ್ಮ ನಾಡಿನಲ್ಲೇ ಒಂದು ಪರಂಪರೆ ಇದೆ. 1920ರ ದಶಕದಲ್ಲಿ ಢಾಕಾದಲ್ಲಿ ಕೆಲಸ ಮಾಡಿದ ಮೈಕೆಲ್ ವೆಸ್ಟ್, ಬಂಗಾಳಿ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮೊದಲು ಬೇಕಾದದ್ದು ಓದು ಎಂದು ಕಂಡುಕೊಂಡು, ಹೊಸ ಪದಗಳನ್ನು ಎಣಿಸಿ ಎಣಿಸಿ ಸೇರಿಸಿದ ವಾಚಿಕೆಗಳನ್ನು ಬರೆದರು. 1953ರಲ್ಲಿ ಅವರು ಹೊರತಂದ ಸುಮಾರು 2,000 ಪದಗಳ ಪಟ್ಟಿಯಲ್ಲಿ ಒಂದೊಂದು ಪದದ ಯಾವ ಅರ್ಥ ಎಷ್ಟು ಸಲ ಬರುತ್ತದೆ ಎಂಬುದೂ ಇದೆ. ನಮಗೆ ಇನ್ನೂ ಹತ್ತಿರದ್ದು 1979ರಿಂದ 1984ರವರೆಗೆ ನಡೆದ ‘ಬೆಂಗಳೂರು ಪ್ರಾಜೆಕ್ಟ್’. ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠ ಬದಿಗಿಟ್ಟು, ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಗಮನ ಅರ್ಥದ ಮೇಲಿದ್ದಾಗ ಭಾಷೆ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. ಹೊರಗಿನವರು ನಡೆಸಿದ ಮೌಲ್ಯಮಾಪನ ಎಚ್ಚರದ ಮಾತಿನಲ್ಲೇ ಆದರೂ ಪ್ರಯೋಗದ ಪರವಾಗಿ ಬಂತು. ಅದರ ವಿಧಾನದ ಬಗ್ಗೆ ಚರ್ಚೆ ಆಮೇಲೂ ನಡೆಯಿತು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು, ಇದು ಬಡ ಸಲಕರಣೆಗಳ ಶಾಲೆಗಳಲ್ಲಿ ನಡೆಯಿತು ಎಂಬುದು.

ಅದನ್ನೇ ಇಲ್ಲಿಗೆ ತನ್ನಿ. ಬಾರ್ಕೂರು, ಕುಂದಾಪುರ, ಸೇನಾಪುರ, ಬಿಜೂರು, ಮೂಕಾಂಬಿಕಾ ರೋಡ್ ಬೈಂದೂರು, ಶಿರೂರು: ಕೊಂಕಣ ರೈಲಿನ ಇಷ್ಟು ನಿಲ್ದಾಣಗಳ ಇಂಗ್ಲಿಷ್ ವೇಳಾಪಟ್ಟಿ ಹಲಗೆಯ ಮೇಲೆ ಬರೆದು, ಕುಂದಾಪುರದಲ್ಲಿ ರೈಲು ತಪ್ಪಿದವನು ಕತ್ತಲಾಗುವುದರೊಳಗೆ ಬೈಂದೂರು ಸೇರಬಲ್ಲನೇ ಎಂದು ಕೇಳಿದರೆ ಅರೈವಲ್, ಡಿಪಾರ್ಚರ್, ಡಿಲೇ ಎಲ್ಲ ಲೆಕ್ಕದೊಳಗೆ ಬರುತ್ತವೆ. ‘ಮಿಸ್’ ಎಂದರೆ ಟೀಚರಷ್ಟೇ ಅಲ್ಲ ಎಂಬುದೂ ತಿಳಿಯುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಹಿಂದಿನವರು ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಯೇ ಕಲಿತರಲ್ಲ ಎನ್ನುತ್ತಾರೆ. ಬಾಯಿಪಾಠ ಬೇಡವೆಂದು ಯಾರೂ ಹೇಳಬೇಕಿಲ್ಲ. ಚೀಟಿಯಲ್ಲಿ ಪದ ಬರೆದು ಮತ್ತೆ ಮತ್ತೆ ನೋಡುವುದನ್ನು ನೇಷನ್ ಕೂಡ ಒಪ್ಪುತ್ತಾರೆ. ಆದರೆ ಪಟ್ಟಿ ಒಂದು ಪದಕ್ಕೆ ಒಂದೇ ಅರ್ಥ ಕೊಡುತ್ತದೆ, ಅದೂ ಹೆಚ್ಚಾಗಿ ನಮಗೆ ಮೊದಲೇ ಗೊತ್ತಿರುವುದನ್ನು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ, ಅದರಲ್ಲೂ ಕುಂದಾಪ್ರ ಕನ್ನಡ, ನುಸುಳಿದರೆ ಇಂಗ್ಲಿಷ್ ಕೆಡುತ್ತದೆ ಎಂಬುದು ಎರಡನೆಯದು. ನಿರಂತರ ಕನ್ನಡದಲ್ಲೇ ಹೇಳುತ್ತಾ ಹೋದರೆ ಕೆಡುವುದು ನಿಜ. ಒಂದು ಪದದ ಅರ್ಥ ತಟ್ಟನೆ ಹೊಳೆಯಲು ಒಂದು ಮಾತು ಬಳಸುವುದು ಬೇರೆ. ‘ಟೈಡ್’ಗೆ ‘ಉಬ್ಬರವಿಳಿತ’ ಎಂಬ ಪುಸ್ತಕದ ಪದಕ್ಕಿಂತ ಭರತ, ಇಳಿತ ಎಂಬ ಮನೆಯ ಪದ ಬೇಗ ತಲುಪುತ್ತದೆ. ಪಂಜು ಗಂಗೊಳ್ಳಿ ಅವರ ಕುಂದಾಪ್ರ ಕನ್ನಡ ನಿಘಂಟು ಈಗ ಇರುವುದರಿಂದ ಇಂಥ ಪದಗಳಿಗೆ ಕೈಚಾಚಿದರೆ ಸಿಗುವ ಆಸರೆಯೂ ಇದೆ. ತರಗತಿಯಲ್ಲಿ ತುಳುವಿನವರು, ಗಂಗೊಳ್ಳಿಯ ಕೊಂಕಣಿಯವರು, ಶಿರೂರಿನ ನವಾಯತಿಯವರು ಇದ್ದರೆ ಅವರವರ ಪದವನ್ನು ಅವರಿಂದಲೇ ಕೇಳಬಹುದು. ಮೂರನೆಯದು ಅಂಕದ ಮಾತು: ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಪಠ್ಯದ ಹೊರಗಿನ ಗದ್ಯಭಾಗಕ್ಕೆ ಇರುವುದು ಕೆಲವೇ ಅಂಕ, ಅದಕ್ಕೇಕೆ ಇಷ್ಟು ಸಮಯ? ಉತ್ತರ ಮರುವರ್ಷ ಸಿಗುತ್ತದೆ. ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಹೋದ ಮಗುವಿನ ಮುಂದೆ ವರ್ಕ್, ಪವರ್, ಸೊಲ್ಯೂಶನ್ ಎಂಬ ಪದಗಳು ಹೊಸ ಅರ್ಥ ಹೊತ್ತು ಒಂದೇ ಪುಟದಲ್ಲಿ ಎದುರಾಗುತ್ತವೆ. ಅಲ್ಲಿ ಗೈಡು ಕೈಹಿಡಿಯುವುದಿಲ್ಲ. ಪದವನ್ನು ಸಾಲಿನೊಳಗೆ ನೋಡಿ ಅರ್ಥ ಹಿಡಿದ ಅಭ್ಯಾಸ ಕೈಹಿಡಿಯುತ್ತದೆ.

ಓದಿಸಲು ಸಾಮಗ್ರಿ ಎಲ್ಲಿ ಎಂದು ಕೇಳುವ ಶಿಕ್ಷಕರಿಗೆ ಬ್ರಹ್ಮಾವರ ತಾಲೂಕಿನಲ್ಲೇ ಒಂದು ಉತ್ತರ ಇದೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜು ಬಿಟ್ಟವರು. ಮುಂದೆ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಕಟ್ಟಿದ ಅದೇ ಕಾರಂತರು ರೇಚಲ್ ಕಾರ್ಸನ್ನರ ‘ದಿ ಸೀ ಅರೌಂಡ್ ಅಸ್’ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಎಂದು ಕನ್ನಡಕ್ಕೆ ತಂದರು. ಕಾರ್ಸನ್ ಅದರಲ್ಲಿ ಕಡಲಿನ ಪ್ರವಾಹಗಳ ಬಗ್ಗೆ, ಭರತ ಇಳಿತಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಇಂಗ್ಲಿಷಿನ ಒಂದು ಪುಟ, ಪಕ್ಕದಲ್ಲಿ ಕೋಟದವರು ಮಾಡಿದ ಕನ್ನಡದ ಪುಟ. ಮೊದಲು ಇಂಗ್ಲಿಷ್ ಓದಿ ‘ಕರೆಂಟ್’ ಬರುವ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುವುದು, ಆಮೇಲೆ ಕಾರಂತರು ಅಲ್ಲಿ ಯಾವ ಪದ ಇಟ್ಟಿದ್ದಾರೆ ಎಂದು ಹುಡುಕುವುದು, ಕೊನೆಗೆ ತಮ್ಮ ಮನೆಯಲ್ಲಿ ಅದಕ್ಕೆ ಎಂತ ಹೇಳುತ್ತಾರೆ ಎಂದು ಸಂಜೆ ಕೇಳಿಕೊಂಡು ಬಂದು ಮಾರನೇ ದಿನ ಹಲಗೆಯ ಮೇಲೆ ಬರೆಯುವುದು. ನಲವತ್ತು ನಿಮಿಷದ ಎರಡು ಪೀರಿಯಡ್ಡಿನ ಕೆಲಸ.