ಕ್ರಮೇಣ ಉಲ್ಬಣಿಸುವ ಕಾಯಿಲೆಗಳಲ್ಲಿ ಬಚ್ಚಲುಮನೆಯ ಮಾರ್ಪಾಡು

ಬಚ್ಚಲುಮನೆಯ ಮಾರ್ಪಾಡು ಎಂದರೆ ದೇಹಬಲ, ಸಮತೋಲನ ಅಥವಾ ಚಲನೆಯ ಹಿಡಿತ ಕುಗ್ಗುತ್ತಿರುವ ವ್ಯಕ್ತಿಯು ಸ್ನಾನ ಮತ್ತು ಶೌಚವನ್ನು ಸುರಕ್ಷಿತವಾಗಿ, ಆದಷ್ಟು ಕಾಲ ಸ್ವತಂತ್ರವಾಗಿ ನಡೆಸಿಕೊಳ್ಳುವಂತೆ ಸ್ನಾನಗೃಹ ಹಾಗೂ ಶೌಚಾಲಯದ ರಚನೆ, ಜೋಡಣೆ ಮತ್ತು ಸಾಧನಗಳನ್ನು ಬದಲಾಯಿಸುವುದು. ಪಾರ್ಕಿನ್ಸನ್ ಕಾಯಿಲೆ, ಮೋಟಾರ್ ನ್ಯೂರಾನ್ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಕ್ಷಯ) ಇಂತಹ ಮಾರ್ಪಾಡನ್ನು ಬಯಸುವ ಮುಖ್ಯ ಕಾಯಿಲೆಗಳು. ಮುರಿದ ಮೂಳೆ ಕೂಡಿಕೊಳ್ಳುವವರೆಗಿನ ತಾತ್ಕಾಲಿಕ ಏರ್ಪಾಡಿಗಿಂತ ಇದು ಭಿನ್ನವಾದುದು. ಇಲ್ಲಿ ಅಗತ್ಯವು ಸ್ಥಿರವಾಗಿರುವುದಿಲ್ಲ. ಇಂದು ಸಾಕಾಗುವ ಹಿಡಿಕೆ ಕೆಲವು ತಿಂಗಳ ಬಳಿಕ ಸಾಲದಾಗಬಹುದು. ಆದ್ದರಿಂದ ಈಗಿನ ಸ್ಥಿತಿಯ ಜೊತೆಗೆ ಮುಂದಿನ ಹಂತವನ್ನೂ ಗಮನದಲ್ಲಿರಿಸಿ ಯೋಜಿಸುವುದು ಈ ಕಾರ್ಯದ ಮೂಲತತ್ತ್ವವಾಗಿದೆ.

ಹಿನ್ನೆಲೆ

ಕರ್ನಾಟಕದ ಹಳೆಯ ಮನೆಗಳಲ್ಲಿ ಬಚ್ಚಲುಮನೆ ಮತ್ತು ಶೌಚಾಲಯ ಪ್ರತ್ಯೇಕವಾಗಿದ್ದು, ಶೌಚಾಲಯವು ಹಲವೆಡೆ ಹಿತ್ತಲಿನಲ್ಲಿರುತ್ತದೆ. ಸ್ನಾನಕ್ಕೆ ಹಂಡೆಯಿಂದ ಬಿಸಿನೀರನ್ನು ತೋಡಿಕೊಳ್ಳಬೇಕು. ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರಬೇಕು. ತೊಡೆ ಮತ್ತು ಸೊಂಟದ ಸ್ನಾಯುಗಳು ದುರ್ಬಲವಾದಾಗ ಮೊದಲು ಕಷ್ಟವಾಗುವುದು ಹೀಗೆ ಕುಳಿತು ಏಳುವುದೇ. ಹೊಸ ಮನೆಗಳಲ್ಲಿ ಕಮೋಡ್ ಇದ್ದರೂ ಇಕ್ಕಟ್ಟಾದ ಜಾಗ, ಕಿರಿದಾದ ಬಾಗಿಲು, ನುಣುಪಾದ ಟೈಲ್ಸ್ ಹಾಗೂ ನೀರು ಹೊರಬಾರದಂತೆ ತಗ್ಗಿಸಿದ ನೆಲ ತೊಡಕಾಗುತ್ತವೆ.

ಕಾಯಿಲೆಯ ಸ್ವರೂಪ ಮತ್ತು ಅಗತ್ಯಗಳು

ಕಾಯಿಲೆಯಿಂದ ಕಾಯಿಲೆಗೆ ತೊಂದರೆಯ ಸ್ವರೂಪವೂ ವೇಗವೂ ಬೇರೆಯಾಗಿರುತ್ತವೆ.

ಪಾರ್ಕಿನ್ಸನ್ ಕಾಯಿಲೆ: ಚಲನೆ ನಿಧಾನವಾಗುವುದು, ಸ್ನಾಯುಗಳ ಬಿಗಿತ ಮತ್ತು ನಡುಕ ಇದರ ಲಕ್ಷಣಗಳು. ಕೆಲವರಿಗೆ ಬಾಗಿಲು ದಾಟುವಾಗ ಅಥವಾ ಇಕ್ಕಟ್ಟಿನಲ್ಲಿ ತಿರುಗುವಾಗ ಪಾದಗಳು ನೆಲಕ್ಕೆ ಅಂಟಿದಂತಾಗಿ ಹೆಜ್ಜೆ ನಿಂತುಬಿಡುತ್ತದೆ. ಎದ್ದು ನಿಂತಾಗ ರಕ್ತದೊತ್ತಡ ಕುಸಿದು ತಲೆಸುತ್ತು ಬರಬಹುದು. ಔಷಧದ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲಿ ಸ್ನಾನ ಮಾಡುವುದು ಸುಲಭ.

ಮಲ್ಟಿಪಲ್ ಸ್ಕ್ಲೆರೋಸಿಸ್: ದೇಹದ ಉಷ್ಣತೆ ಏರಿದಾಗ ರೋಗಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಜರ್ಮನಿಯ ನೇತ್ರತಜ್ಞ ವಿಲ್ಹೆಲ್ಮ್ ಉಥಾಫ್ 1890ರಲ್ಲಿ ಇದನ್ನು ವಿವರಿಸಿದರು. ಬಿಸಿನೀರಿನ ಸ್ನಾನದ ನಡುವೆಯೇ ಕಾಲಿನ ಬಲ ಕುಂದಬಹುದಾದ್ದರಿಂದ ಉಗುರುಬೆಚ್ಚಗಿನ ನೀರು ಮತ್ತು ಕುಳಿತುಕೊಳ್ಳಲು ಆಸನ ಅಗತ್ಯ.

ಮೋಟಾರ್ ನ್ಯೂರಾನ್ ಕಾಯಿಲೆ: ಕೈಕಾಲುಗಳ ಬಲ ತ್ವರಿತವಾಗಿ ಇಳಿಯುತ್ತದೆ. ಕಾಮಗಾರಿ ಮುಗಿಯುವ ಹೊತ್ತಿಗೆ ಅಗತ್ಯವೇ ಬದಲಾಗಿರುವ ಸಂಭವವಿರುವುದರಿಂದ ನಿರ್ಧಾರವನ್ನು ಬೇಗ ಕೈಗೊಳ್ಳಬೇಕಾಗುತ್ತದೆ.

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ: ಇದು ಮುಖ್ಯವಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿನ ಬಲ ಕುಗ್ಗುತ್ತ ಹೋದಂತೆ ತೂಕ ಮತ್ತು ಎತ್ತರ ಬೆಳೆಯುತ್ತವೆ. ಎತ್ತಿಕೊಂಡು ಹೋಗುವ ಅಭ್ಯಾಸ ಪಾಲಕರಿಗೆ ಹೆಚ್ಚು ಕಾಲ ಸಾಧ್ಯವಾಗುವುದಿಲ್ಲ.

ಮೌಲ್ಯಮಾಪನ

ಮಾರ್ಪಾಡಿಗೆ ಮೊದಲು ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಪುನರ್ವಸತಿ ತಜ್ಞರಿಂದ ಪರಿಶೀಲನೆ ನಡೆಸುವುದು ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದೆ. ವ್ಯಕ್ತಿಯು ಮಂಚದಿಂದ ಬಚ್ಚಲಿಗೆ ತಲುಪುವ ದಾರಿ, ಕುಳಿತು ಏಳುವ ರೀತಿ, ಯಾವ ಕೈಗೆ ಹೆಚ್ಚು ಬಲವಿದೆ ಎಂಬುದು ಹಾಗೂ ರಾತ್ರಿ ಎಷ್ಟು ಬಾರಿ ಶೌಚಕ್ಕೆ ಏಳಬೇಕಾಗುತ್ತದೆ ಎಂಬುದನ್ನು ಗಮನಿಸಲಾಗುತ್ತದೆ. ನೆರವಾಗುವವರ ವಯಸ್ಸು ಮತ್ತು ಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಾರ್ಪಾಡಿನ ಅಂಗಗಳು

ಬಾಗಿಲು ಮತ್ತು ಹೊಸ್ತಿಲು: ಎರಡೂವರೆ ಅಡಿಯ (ಸುಮಾರು 750 ಮಿ.ಮೀ.) ಬಾಗಿಲಿನಲ್ಲಿ ಚೌಕಟ್ಟು ಮತ್ತು ಹಲಗೆಯ ದಪ್ಪ ಕಳೆದರೆ ಗಾಲಿಕುರ್ಚಿಗೆ ಉಳಿಯುವ ಜಾಗ ಬಹಳ ಕಡಿಮೆ; 900 ಮಿ.ಮೀ. ತೆರವಿರುವುದು ಅನುಕೂಲಕರ. ಒಳಮುಖವಾಗಿ ತೆರೆಯುವ ಬಾಗಿಲಿನ ಹಿಂದೆ ವ್ಯಕ್ತಿ ಬಿದ್ದರೆ ದೇಹವೇ ಅಡ್ಡವಾಗಿ ಬಾಗಿಲನ್ನು ತೆರೆಯಲಾಗದು. ಆದ್ದರಿಂದ ಹೊರಮುಖವಾಗಿ ತೆರೆಯುವ ಅಥವಾ ಪಕ್ಕಕ್ಕೆ ಸರಿಯುವ ಬಾಗಿಲು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಇರಬೇಕು. ಹೊಸ್ತಿಲನ್ನು ತೆಗೆದುಹಾಕಿದಾಗ ನೀರು ಹೊರಹರಿಯದಂತೆ ನೆಲಕ್ಕೆ ಮೋರಿಯ ಕಡೆಗೆ ಸಣ್ಣ ಇಳಿಜಾರು ಕೊಡಲಾಗುತ್ತದೆ.

ನೆಲ ಮತ್ತು ಬಣ್ಣ: ಒದ್ದೆಯಾದಾಗಲೂ ಜಾರದ ಒರಟು ಮೈಯ ಟೈಲ್ಸ್ ಸೂಕ್ತ. ಬಿಡಿಯಾಗಿ ಹಾಸಿದ ಕಾಲೊರಸು ಕಾಲಿಗೆ ತೊಡರುತ್ತದೆ. ಬಿಳಿಯ ಗೋಡೆಯ ಮುಂದೆ ಬಿಳಿಯ ಕಮೋಡ್ ಕಣ್ಣಿಗೆ ಸ್ಪಷ್ಟವಾಗಿ ಕಾಣದಿರಬಹುದು. ಬೇರೆ ಬಣ್ಣದ ಆಸನ ಅಥವಾ ಹಿಡಿಕೆ ಇದಕ್ಕೆ ಸರಳ ಪರಿಹಾರ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಜ್ಜೆ ನಿಲ್ಲುವ ಕಡೆ ನೆಲದ ಮೇಲೆ ಅಡ್ಡಪಟ್ಟಿಗಳನ್ನು ಅಂಟಿಸಿದರೆ ಅವನ್ನು ಒಂದೊಂದಾಗಿ ದಾಟುವ ಮೂಲಕ ಕೆಲವರು ಮತ್ತೆ ನಡೆಯಬಲ್ಲರು.

ಹಿಡಿಕೆಗಳು: ಟವೆಲ್ ಕಂಬಿ, ನಲ್ಲಿ ಮತ್ತು ವಾಶ್‌ಬೇಸಿನ್ ದೇಹದ ಭಾರ ತಡೆಯಲು ರೂಪಿತವಾದವಲ್ಲ. ಹಿಡಿಕೆಗಳನ್ನು ಗಟ್ಟಿ ಗೋಡೆಗೆ ಆಂಕರ್ ಬೋಲ್ಟ್‌ಗಳಿಂದ ಬಿಗಿಯಬೇಕು. ಟೊಳ್ಳು ಇಟ್ಟಿಗೆಯ ಗೋಡೆಯಾದರೆ ಮೊದಲು ಗೋಡೆಯನ್ನು ಬಲಪಡಿಸಬೇಕಾಗುತ್ತದೆ. ಗಾಳಿಯ ಹೀರಿಕೆಯಿಂದ ಅಂಟಿಕೊಳ್ಳುವ ಹಿಡಿಕೆಗಳು ಹಠಾತ್ತನೆ ಕಳಚಬಹುದಾದ್ದರಿಂದ ಪೂರ್ಣಭಾರಕ್ಕೆ ಅವನ್ನು ನಂಬುವಂತಿಲ್ಲ. ಎತ್ತರವನ್ನು ಬಳಸುವ ವ್ಯಕ್ತಿಯನ್ನೇ ಕೂರಿಸಿ ಗುರುತು ಮಾಡುವುದು ಒಳ್ಳೆಯದು.

ಕಮೋಡ್: ಆಸನವು ನೆಲದಿಂದ 450–480 ಮಿ.ಮೀ. ಎತ್ತರದಲ್ಲಿದ್ದರೆ ಏಳುವುದು ಸುಲಭ. ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಆಸನ ಲಭ್ಯವಿದೆ. ಕುಕ್ಕರುಗಾಲಿನ ಶೌಚಾಲಯವನ್ನು ಒಡೆಯಲಾಗದ ಕಡೆ ಅದರ ಮೇಲೆ ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಇರಿಸಬಹುದು. ಕೈಯ ಬಲ ಕುಗ್ಗಿದವರಿಗೆ ನೀರು ಚಿಮ್ಮಿಸಿ ಶುಚಿಗೊಳಿಸುವ ಆಸನಗಳು ಉಪಯುಕ್ತ.

ಸ್ನಾನದ ಏರ್ಪಾಡು: ಬಕೆಟ್‌ಗೆ ಬಗ್ಗಿ ಮಗ್‌ನಿಂದ ನೀರು ಹಾಕಿಕೊಳ್ಳಲು ಸೊಂಟ, ಭುಜ ಮತ್ತು ಸಮತೋಲನ ಮೂರೂ ಬೇಕು. ಬೆನ್ನು ಮತ್ತು ತೋಳಾಸರೆಯಿರುವ ಕುರ್ಚಿ, ಕೈಯಲ್ಲಿ ಹಿಡಿಯುವ ಶವರ್ ಮತ್ತು ಸನ್ನೆಕೋಲಿನಂತೆ ತಿರುಗುವ ನಲ್ಲಿ ಈ ಶ್ರಮವನ್ನು ತಗ್ಗಿಸುತ್ತವೆ. ನಡುಕವಿರುವವರು ಬಕೆಟ್ ಸ್ನಾನವನ್ನೇ ಇಷ್ಟಪಟ್ಟರೆ ಬಕೆಟನ್ನು ಎತ್ತರದ ಪೀಠದ ಮೇಲಿರಿಸಿ ಹಗುರವಾದ ಚಿಕ್ಕ ಮಗ್ ಬಳಸಬಹುದು.

ನೀರು, ವಿದ್ಯುತ್ ಮತ್ತು ಗಾಳಿ: 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಸ್ಪರ್ಶಜ್ಞಾನ ಕುಂದಿದವರಿಗೆ ಅಥವಾ ಬೇಗ ಸರಿಯಲಾಗದವರಿಗೆ ಇದು ದೊಡ್ಡ ಅಪಾಯ. ನೀರಿನ ಉಷ್ಣತೆಯನ್ನು ಮಿತಿಗೊಳಿಸುವ ಮಿಶ್ರಣ ಕವಾಟ ಹಾಗೂ ವಿದ್ಯುತ್ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಸಾಧನ ಅವಶ್ಯಕ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಇರಿಸಬಾರದು. ಗಾಳಿಯಾಡದ ಕೋಣೆಯಲ್ಲಿ ಅದರಿಂದ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಸಾವು ಸಂಭವಿಸಬಹುದು. ಸ್ನಾನಕ್ಕೆ ಹೆಚ್ಚು ಹೊತ್ತು ಬೇಕಾಗುವವರಿಗೆ ಈ ಅಪಾಯವೂ ಹೆಚ್ಚು. ನೆಲದ ಮೇಲೆ ಬಿದ್ದವರ ಕೈಗೂ ಎಟುಕುವಂತೆ ಕರೆಗಂಟೆ ಅಥವಾ ಎಳೆಹಗ್ಗ ಇರುವುದು ಒಳಿತು.

ಹಂತಗಳು

ಸಾಮಾನ್ಯವಾಗಿ ಮಾರ್ಪಾಡು ನಾಲ್ಕು ಹಂತಗಳಲ್ಲಿ ಸಾಗುತ್ತದೆ. ನಡೆಯಬಲ್ಲ ಹಂತದಲ್ಲಿ ಹಿಡಿಕೆ, ಜಾರದ ನೆಲ ಮತ್ತು ರಾತ್ರಿಯ ಬೆಳಕು ಸಾಕಾಗುತ್ತವೆ. ಎರಡನೆಯ ಹಂತದಲ್ಲಿ ಕುಳಿತು ಸ್ನಾನ ಮಾಡುವ ವ್ಯವಸ್ಥೆ ಬೇಕು. ಮೂರನೆಯದರಲ್ಲಿ ಚಕ್ರವಿರುವ ಸ್ನಾನ-ಕಮೋಡ್ ಕುರ್ಚಿ ಬಳಕೆಗೆ ಬರುತ್ತದೆ. ಕುರ್ಚಿಯು ಕಮೋಡ್‌ನ ಮೇಲೆ ಸರಿಯಾಗಿ ಕೂರುವುದೇ ಎಂದು ಮೊದಲೇ ಅಳೆಯಬೇಕು. ಕೊನೆಯ ಹಂತದಲ್ಲಿ ವ್ಯಕ್ತಿಯನ್ನು ಎತ್ತುವ ಯಂತ್ರ ಅಥವಾ ಹಾಸಿಗೆಯಲ್ಲೇ ಸ್ನಾನ ಮಾಡಿಸುವುದು ಅನಿವಾರ್ಯವಾಗಬಹುದು. ಗೋಡೆ ಒಡೆಯುವ ಕೆಲಸವನ್ನು ಒಮ್ಮೆಯೇ, ಮೂರನೆಯ ಹಂತಕ್ಕೆ ಹೊಂದುವಂತೆ ಮಾಡಿದರೆ ಖರ್ಚು ಉಳಿಯುತ್ತದೆ. ಒಂದೇ ಬಚ್ಚಲಿರುವ ಮನೆಯಲ್ಲಿ ಕಾಮಗಾರಿಯ ದಿನಗಳಿಗೆ ಪರ್ಯಾಯ ವ್ಯವಸ್ಥೆ ಬೇಕು. ಬಾಡಿಗೆ ಮನೆಯಲ್ಲಿ ರಚನೆಯ ಬದಲಾವಣೆಗೆ ಮಾಲೀಕರ ಒಪ್ಪಿಗೆ ಪಡೆಯಬೇಕಾಗುವುದರಿಂದ ಕಳಚಿ ಒಯ್ಯಬಹುದಾದ ಸಾಧನಗಳಿಗೆ ಆದ್ಯತೆ ನೀಡಲಾಗುತ್ತದೆ.

ಘನತೆ ಮತ್ತು ಆರೈಕೆ

ಸ್ನಾನ ಮತ್ತು ಶೌಚಕ್ಕೆ ಇನ್ನೊಬ್ಬರನ್ನು ಅವಲಂಬಿಸುವುದು ಅನೇಕರಿಗೆ ಕಾಯಿಲೆಯ ಅತ್ಯಂತ ನೋವಿನ ಭಾಗ. ಸಂಕೋಚದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಇದರಿಂದ ಮಲಬದ್ಧತೆ ಮತ್ತು ಮೂತ್ರದ ಸೋಂಕು ಉಂಟಾಗಬಹುದು. ಮುಂಚಿತವಾಗಿ ಮಾಡುವ ಮಾರ್ಪಾಡು ಬರಲಿರುವ ದೌರ್ಬಲ್ಯವನ್ನು ನೆನಪಿಸುವುದರಿಂದ ಕೆಲವರು ಅದನ್ನು ಮುಂದೂಡುತ್ತಾರೆ. ಆದುದರಿಂದ ಏನನ್ನು, ಯಾವಾಗ ಬದಲಿಸಬೇಕೆಂಬ ತೀರ್ಮಾನದಲ್ಲಿ ಕಾಯಿಲೆಯುಳ್ಳ ವ್ಯಕ್ತಿಯ ಮಾತಿಗೆ ಮೊದಲ ಸ್ಥಾನವಿರಬೇಕು. ಪರದೆ, ಮೈಮುಚ್ಚುವ ಟವೆಲ್, ತಾನೇ ಮಾಡಿಕೊಳ್ಳಬಲ್ಲ ಭಾಗವನ್ನು ತನಗೇ ಬಿಡುವುದು ಮುಂತಾದ ಸಣ್ಣ ಸಂಗತಿಗಳು ಘನತೆಯನ್ನು ಕಾಯುತ್ತವೆ. ತಪ್ಪು ಭಂಗಿಯಲ್ಲಿ ಎತ್ತುವುದರಿಂದ ಆರೈಕೆದಾರರಿಗೆ ಬೆನ್ನುನೋವು ಬರುತ್ತದೆ. ಅವರು ಹಾಸಿಗೆ ಹಿಡಿದರೆ ಮನೆಯ ಆರೈಕೆಯೇ ನಿಲ್ಲುತ್ತದೆ.

ಕಾನೂನು ಮತ್ತು ಮಾನದಂಡಗಳು

ಭಾರತದ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆ ಸೇರಿವೆ. ಕೇಂದ್ರ ಸರ್ಕಾರವು 2016ರಲ್ಲಿ ತಡೆರಹಿತ ಕಟ್ಟಡಗಳ ಮಾರ್ಗಸೂಚಿಯನ್ನು ಹೊರತಂದು, 2021ರಲ್ಲಿ ಪರಿಷ್ಕರಿಸಿತು. ಇವು ಮುಖ್ಯವಾಗಿ ಸಾರ್ವಜನಿಕ ಬಳಕೆಯ ಕಟ್ಟಡಗಳಿಗೆ ಸಂಬಂಧಿಸಿದವಾದರೂ ಗಾಲಿಕುರ್ಚಿ ತಿರುಗಲು 1500 ಮಿ.ಮೀ. ವ್ಯಾಸದ ತೆರವು ಮುಂತಾದ ಅಳತೆಗಳು ಮನೆಯ ಯೋಜನೆಗೂ ನೆರವಾಗುತ್ತವೆ. ಕೇಂದ್ರದ ಎಡಿಐಪಿ ಯೋಜನೆಯಡಿ ಅರ್ಹರಿಗೆ ಸಹಾಯಕ ಸಾಧನಗಳು ದೊರೆಯುತ್ತವೆ. ಇಂಗ್ಲೆಂಡಿನಲ್ಲಿ ಮನೆಯ ಮಾರ್ಪಾಡಿಗೆಂದೇ ಸ್ಥಳೀಯ ಆಡಳಿತಗಳು ಗರಿಷ್ಠ 30,000 ಪೌಂಡ್‌ಗಳವರೆಗೆ ಅನುದಾನ ನೀಡುವ ವ್ಯವಸ್ಥೆಯಿದೆ.

ಇದನ್ನೂ ನೋಡಿ

ಪಾರ್ಕಿನ್ಸನ್ ಕಾಯಿಲೆ
ಮಲ್ಟಿಪಲ್ ಸ್ಕ್ಲೆರೋಸಿಸ್
ಗಾಲಿಕುರ್ಚಿ
ಉಪಶಾಮಕ ಆರೈಕೆ